ಮುಗಿದಿದ್ದರೆ ಮುಗಿದಿದೆ ಅನ್ನಿ

ಪ್ರಯೋಗಾಲಯದ ಬಾಟಲಿಯ ತಳದಲ್ಲಿ ಎರಡು ತೊಟ್ಟು ದ್ರಾವಣ ಉಳಿಸಿ, ಮುಚ್ಚಳ ಬಿಗಿ ಮಾಡಿ, ಮತ್ತೆ ಅದೇ ಜಾಗದಲ್ಲಿ ಇಟ್ಟು ಹೋಗುವವರನ್ನು ನಾನು 26 ವರ್ಷಗಳಿಂದ ನೋಡುತ್ತಿದ್ದೇನೆ. ಅವರ ಲೆಕ್ಕ ಸರಳ. ಪೂರ್ತಿ ಖಾಲಿ ಮಾಡಿದರೆ ಹೊಸದು ಮಾಡಿಡುವ ಕೆಲಸ ತಮ್ಮ ತಲೆಗೆ ಬರುತ್ತದೆ. ಎರಡು ತೊಟ್ಟು ಇದ್ದರೆ ಬಾಟಲಿ ಖಾಲಿಯಾದ ಹಾಗಲ್ಲ, ಹಾಗಾಗಿ ತಪ್ಪೂ ಆದ ಹಾಗಲ್ಲ. ಮರುದಿನ ಬೆಳಗ್ಗೆ ಜೆಲ್ ಹಾಕಲು ಬಂದ ಇನ್ನೊಬ್ಬಳು ಬಾಟಲಿ ಎತ್ತಿದ ಕೂಡಲೇ ಕೈಗೆ ಗೊತ್ತಾಗುತ್ತದೆ. ಅವಳು ಬಯ್ದುಕೊಳ್ಳುವುದು ಕನ್ನಡ, ಮಲಯಾಳ, ಬಂಗಾಳಿ ಯಾವುದರಲ್ಲಾದರೂ ಇರಬಹುದು, ಅರ್ಥ ಒಂದೇ.

ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಜೀವರಸಾಯನ ಪ್ರಯೋಗಾಲಯದಲ್ಲಿ ನಾನು ಟೆಕ್ನಿಕಲ್ ಆಫೀಸರ್. ಪಿಎಚ್.ಡಿ. ಮಾಡಿದವಳಲ್ಲ. ಎಂ.ಎಸ್ಸಿ. ಮುಗಿಸಿ ಆರು ತಿಂಗಳ ಪ್ರಾಜೆಕ್ಟಿಗೆಂದು ಬಂದವಳು ಇಲ್ಲೇ ಬೇರುಬಿಟ್ಟೆ. ವಿದ್ಯಾರ್ಥಿಗಳು ಬರುತ್ತಾರೆ, ಐದಾರು ವರ್ಷ ಇರುತ್ತಾರೆ, ಹೋಗುತ್ತಾರೆ. ಪ್ರೊಫೆಸರ್ ಅವರಿಗೆ ಕಾಣುವುದು ಅವರ ಡೇಟಾ, ನನಗೆ ಕಾಣುವುದು ಅವರು ಬಿಟ್ಟುಹೋದ ಸಿಂಕು.

ನಾನು ಹುಟ್ಟಿ ಬೆಳೆದದ್ದು ಸಾಗರದ ಕಡೆಯ ಕೂಡುಕುಟುಂಬದಲ್ಲಿ. ಅಡುಗೆಮನೆಯಲ್ಲಿ ಅಕ್ಕಿ ಮುಗಿಯಿತು ಅನ್ನುವ ಹಾಗಿರಲಿಲ್ಲ, ಅಕ್ಕಿ ತುಂಬಿದೆ ಅನ್ನಬೇಕು. ಬಳೆ ಒಡೆಯಿತು ಅನ್ನಬಾರದು, ಬಳೆ ಹೆಚ್ಚಿತು ಅನ್ನಬೇಕು. ಅಶುಭದ ಮಾತು ಬಾಯಿಂದ ಬರಬಾರದೆಂದು ಅಜ್ಜಿ ಕಲಿಸಿದ ಪಾಠ ಅದು. ಮನೆಯಲ್ಲಿ ಎಲ್ಲರಿಗೂ ಆ ಭಾಷೆ ಗೊತ್ತಿದ್ದದ್ದರಿಂದ ತೊಂದರೆ ಇರಲಿಲ್ಲ. ತುಂಬಿದೆ ಅಂದರೆ ಅಪ್ಪ ಚೀಲ ಹಿಡಿದು ಅಂಗಡಿಗೆ ಹೊರಡುತ್ತಿದ್ದರು. ಪ್ರಯೋಗಾಲಯಕ್ಕೆ ಬಂದ ಮೇಲೆ ನಾನು ಮರೆಯಬೇಕಾಗಿ ಬಂದ ಮೊದಲ ಪಾಠವೂ ಅದೇ. ಇಲ್ಲಿ ಮುಗಿದದ್ದನ್ನು ಮುಗಿದಿದೆ, ಒಡೆದದ್ದನ್ನು ಒಡೆದಿದೆ ಎಂದು ಬಾಯಿಬಿಟ್ಟು ಹೇಳಬೇಕು. ಕೆಳಗೆ ಬರೆದಿರುವುದೆಲ್ಲ ಹೆಚ್ಚು ಕಡಿಮೆ ಅದರ ಸುತ್ತಲೇ ಸುತ್ತುತ್ತದೆ.

1. ಖಾಲಿ ಮಾಡಿದವರೇ ತುಂಬಿಸಬೇಕು

ಡಿಎನ್ಎ ಜೆಲ್ ಓಡಿಸಲು ಟಿಎಇ ಎಂಬ ಬಫರ್ ಬೇಕು. ಅದನ್ನು 50 ಪಟ್ಟು ಗಟ್ಟಿಯಾಗಿ ಮಾಡಿಟ್ಟುಕೊಂಡು ಬೇಕಾದಾಗ ನೀರು ಬೆರೆಸುತ್ತೇವೆ. ಒಂದು ಲೀಟರಿಗೆ 242 ಗ್ರಾಂ ಟ್ರಿಸ್, 57.1 ಮಿಲಿಲೀಟರ್ ಗ್ಲೇಸಿಯಲ್ ಅಸಿಟಿಕ್ ಆಮ್ಲ, 100 ಮಿಲಿಲೀಟರ್ ಇಡಿಟಿಎ ದ್ರಾವಣ. ಮೊದಲೆರಡು ಸುಲಭ. ತಕರಾರು ಇರುವುದು ಇಡಿಟಿಎಯದು. ನೀರಿಗೆ ಹಾಕಿದ ಕೂಡಲೇ ಕರಗುವ ಜಾತಿಯಲ್ಲ ಅದು. ಬಿಳಿ ಪುಡಿ ಮ್ಯಾಗ್ನೆಟಿಕ್ ಸ್ಟರರ್ ಮೇಲೆ ಸುಮ್ಮನೆ ಗಿರಗಿರ ತಿರುಗುತ್ತಿರುತ್ತದೆ. ಸೋಡಿಯಂ ಹೈಡ್ರಾಕ್ಸೈಡಿನ ಗುಳಿಗೆ ಒಂದೊಂದಾಗಿ ಹಾಕುತ್ತ, ಪಿಎಚ್ 8ರ ಹತ್ತಿರ ಬರುವವರೆಗೆ ಕಾಯಬೇಕು. ಆಗ ಇದ್ದಕ್ಕಿದ್ದಂತೆ ತಿಳಿಯಾಗುತ್ತದೆ. ಅವಸರಪಟ್ಟು ಜಾಸ್ತಿ ಹಾಕಿದರೆ ಪಿಎಚ್ ದಾಟಿಹೋಗಿ ಮತ್ತೆ ಆಮ್ಲ ಹಾಕುವ ಫಜೀತಿ. ಒಟ್ಟಿನಲ್ಲಿ ಅರ್ಧ ದಿನ ಹೋಯಿತು. ಈ ಅರ್ಧ ದಿನ ಯಾರ ಪ್ರಬಂಧದಲ್ಲೂ ಬರುವುದಿಲ್ಲ.

ಹಾಗಾದರೆ ಬಾಟಲಿ ಯಾವಾಗಲೂ ತುಂಬಿರುವುದು ಹೇಗೆ? ಒಮ್ಮೆ ಕುತೂಹಲಕ್ಕೆ, ಹಂಚಿಕೊಳ್ಳುವ ದ್ರಾವಣಗಳನ್ನು ಯಾರು ಮಾಡಿದರೂ ಬರೆದಿಡಲು ಒಂದು ನೋಟ್ ಪುಸ್ತಕ ಇಟ್ಟೆ. ತಿಂಗಳ ಕೊನೆಗೆ ತೆರೆದು ನೋಡಿದರೆ ಪುಟದ ತುಂಬ ಎರಡೇ ಕೈಬರಹ. ಇಬ್ಬರೂ ಹುಡುಗಿಯರು, ಅದರಲ್ಲಿ ಒಬ್ಬಳು ಬಂದು ಆರು ತಿಂಗಳೂ ಆಗಿರಲಿಲ್ಲ. ಹತ್ತು ಜನರ ಪ್ರಯೋಗಾಲಯ ಅದು. ಉಳಿದ ಎಂಟು ಮಂದಿ ಕೆಟ್ಟವರೇನಲ್ಲ. ಹಬ್ಬಕ್ಕೆ ಸಿಹಿ ತರುವವರು, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು. ಬಾಟಲಿ ತಾನಾಗಿಯೇ ತುಂಬುತ್ತದೆಂದು ನಂಬಿದ್ದರು, ಅಷ್ಟೆ. ಮನೆಯಲ್ಲಿ ನೀರಿನ ಕೊಡ ಯಾರು ತುಂಬುತ್ತಾರೆಂದು ಯೋಚಿಸದೆ ಬೆಳೆದವರು ಇಲ್ಲಿ ಬಫರ್ ಬಗ್ಗೆ ಯೋಚಿಸಲಿ ಎಂದು ನಿರೀಕ್ಷಿಸುವುದು ನಮ್ಮ ತಪ್ಪು.

ಅಂದಿನಿಂದ ಗೋಡೆ ಮೇಲೆ ಪಾಳಿಯ ಪಟ್ಟಿ ಇದೆ. ಪ್ರತಿ ಕೆಲಸಕ್ಕೂ ಒಂದು ಹೆಸರು, ಎರಡು ತಿಂಗಳಿಗೊಮ್ಮೆ ಬದಲಾವಣೆ. ಪ್ರೊಫೆಸರ್ ಹೆಸರೂ ಇದೆ. ವರ್ಷಕ್ಕೊಂದು ಸಲ ವಾಟರ್ ಬಾತ್ ತೊಳೆಯುತ್ತಾರೆ. ಚೆನ್ನಾಗಿ ತೊಳೆಯುವುದಿಲ್ಲ, ಆದರೆ ತೊಳೆಯುತ್ತಾರೆ.

2. 'ಹೊಸದು' ಎಂಬುದು ಹೆಸರಲ್ಲ

ಫ್ರೀಜರಿನಲ್ಲಿ ಒಂದು ಸಲ ನನಗೆ ಸಾಲಾಗಿ ಸಿಕ್ಕ ಮೂರು ಟ್ಯೂಬುಗಳ ಮೇಲೆ ಬರೆದಿದ್ದದ್ದು ಹೀಗೆ: 'ಹೊಸದು', 'ಹೊಸ ಹೊಸದು', 'ಇದೇ ಸರಿ'. ಬರೆದವನು ಅಷ್ಟು ಹೊತ್ತಿಗೆ ಜರ್ಮನಿಯಲ್ಲಿದ್ದ. ಏನು, ಯಾರದ್ದು, ಎಷ್ಟು ಗಾಢ, ಯಾವ ತಾರೀಖು: ಈ ನಾಲ್ಕು ಇಲ್ಲದ್ದು ಲೇಬಲ್ ಅಲ್ಲ. ಇನ್ನೊಂದು ವಿಷಯ. ಮಾರ್ಕರ್ ಪೆನ್ನಿನ ಶಾಯಿ ಎಥನಾಲ್ ತಾಗಿದರೆ ಅಳಿಸಿಹೋಗುತ್ತದೆ. ನಾವು ದಿನಕ್ಕೆ ಹತ್ತು ಸಲ ಮೇಜು ಒರೆಸುವುದು, ಕೈಗವಸಿಗೆ ಸಿಂಪಡಿಸಿಕೊಳ್ಳುವುದು ಅದೇ ಶೇಕಡಾ 70ರ ಎಥನಾಲ್. ಬರೆದ ಮೇಲೆ ಪಾರದರ್ಶಕ ಟೇಪ್ ಅಂಟಿಸಿ.

3. ಫ್ರೀಜರಿನ ಬಾಗಿಲು

ಇದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ಇದರಲ್ಲಿ ನನ್ನ ಪಾಲೂ ಇದೆ.

ನಮ್ಮಲ್ಲಿ ಆಗ ಒಬ್ಬಳು ನಾಲ್ಕನೇ ವರ್ಷದ ವಿದ್ಯಾರ್ಥಿನಿ ಇದ್ದಳು. ಅರಣ್ಯ ಇಲಾಖೆಯ ಅನುಮತಿ ಪಡೆದು, ಮಳೆಗಾಲದ ರಾತ್ರಿಗಳಲ್ಲಿ ಪಶ್ಚಿಮ ಘಟ್ಟ ಸುತ್ತಿ, ಕಪ್ಪೆಗಳ ಚರ್ಮದ ಚಿಕ್ಕ ಚಿಕ್ಕ ಮಾದರಿಗಳನ್ನು ತಂದಿದ್ದಳು. ಕಪ್ಪೆ ಚರ್ಮದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡುಗಳಿರುತ್ತವೆ, ಅವುಗಳ ಜೀನ್ ಹುಡುಕುವ ಕೆಲಸ. ಅದಕ್ಕೆ ಆರ್ಎನ್ಎ ಬೇಕು. ಆರ್ಎನ್ಎ ಹಾಲಿಗಿಂತ ಬೇಗ ಕೆಡುವ ವಸ್ತು. ಅದಕ್ಕೇ ಮಾದರಿಗಳು ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿದ್ದವು.

ಒಂದು ಶನಿವಾರ ರಾತ್ರಿ ಹತ್ತೂವರೆಗೆ ಹುಬ್ಬಳ್ಳಿ ಕಡೆಯ ಮೊದಲ ವರ್ಷದ ಹುಡುಗ ಅದೇ ಫ್ರೀಜರಿನಿಂದ ತನ್ನ ಡಬ್ಬಿ ತೆಗೆದ. ಬಾಗಿಲಿನ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿತ್ತು. ತಳ್ಳಿದ, ಮುಚ್ಚಿತು ಅಂದುಕೊಂಡ. ಸ್ವಲ್ಪ ಹೊತ್ತಿಗೆ ಅಲಾರಾಂ ಕೂಗಿತು. ಈಗ ತಾನೇ ಬಾಗಿಲು ತೆಗೆದದ್ದರಿಂದ ಬಿಸಿಯಾಗಿದೆ, ತಾನೇ ಇಳಿಯುತ್ತದೆ ಎಂದು ಅಲಾರಾಂ ಬಂದ್ ಮಾಡಿ ಹಾಸ್ಟೆಲ್ಲಿಗೆ ಹೋದ. ಅದು ಹಳೆಯ ಯಂತ್ರ, ಒಮ್ಮೆ ಬಂದ್ ಮಾಡಿದರೆ ಮತ್ತೆ ಕೂಗುತ್ತಿರಲಿಲ್ಲ. ಭಾನುವಾರ ಯಾರೂ ಆ ಕೋಣೆಗೆ ಹೋಗಲಿಲ್ಲ.

ಸೋಮವಾರ ಬೆಳಗ್ಗೆ ಏಳಕ್ಕೆ ಮೊದಲು ಬಂದವನೂ ಅವನೇ. ಬಾಗಿಲು ಬೆರಳಷ್ಟು ತೆರೆದಿತ್ತು. ನೆಲದ ಮೇಲೆ ನೀರು. ಮೇಲಿನ ಅರೆಗಳ ಡಬ್ಬಿಗಳು ಮೆತ್ತಗಾಗಿದ್ದವು. ಅವನು ಮಂಜು ಕೆರೆದ, ನೆಲ ಒರೆಸಿದ, ಬಾಗಿಲು ಗಟ್ಟಿಯಾಗಿ ಮುಚ್ಚಿದ. ಸಂಜೆ ಹೊತ್ತಿಗೆ ಫ್ರೀಜರ್ ಮತ್ತೆ ಮೈನಸ್ 80 ತೋರಿಸುತ್ತಿತ್ತು. ಏನೂ ಆಗಿಯೇ ಇಲ್ಲ ಎಂಬಂತೆ.

ಮುಂದಿನ ಎರಡು ತಿಂಗಳು ಆ ಹುಡುಗಿ ಪಟ್ಟ ಪಾಡು ನಾನು ನೋಡಿದ್ದೇನೆ. ಒಳ್ಳೆಯ ಆರ್ಎನ್ಎ ಜೆಲ್ ಮೇಲೆ ಎರಡು ಸ್ಪಷ್ಟ ಗೆರೆಗಳಾಗಿ ಕಾಣಬೇಕು. ಅವಳಿಗೆ ಸಿಗುತ್ತಿದ್ದದ್ದು ಬರೀ ಮಸಿ ಬಳಿದ ಹಾಗೆ. ಕಿಟ್ ಬದಲಾಯಿಸಿದಳು, ನೀರು ಬದಲಾಯಿಸಿದಳು, ಪಿಪೆಟ್ಟುಗಳನ್ನೆಲ್ಲ ತೊಳೆದಳು. ಲ್ಯಾಬ್ ಮೀಟಿಂಗಿನಲ್ಲಿ, ಕೈ ಚೊಕ್ಕಟವಾಗಿ ಇಟ್ಟುಕೊಂಡು ಕೆಲಸ ಮಾಡು ಅನ್ನಿಸಿಕೊಂಡಳು. ನಾಲ್ಕನೇ ವರ್ಷದವಳಿಗೆ ಅದು ಕಪಾಳಕ್ಕೆ ಹೊಡೆದ ಹಾಗೆ. ಅವಳ ಪಕ್ಕದ ಮೇಜೇ ಆ ಹುಡುಗನದು.

ಕೊನೆಗೆ ಒಂದು ಮಧ್ಯಾಹ್ನ ಅವನು ನನ್ನ ಮುಂದೆ ಬಂದು ನಿಂತ. "ಮೇಡಂ, ನಿಮಗ ಒಂದ್ ಮಾತು ಹೇಳೂದೈತ್ರಿ. ಫ್ರೀಜರ್ ಅಲಾರಾಂ ನಾನ ಬಂದ್ ಮಾಡಿದ್ನಿರಿ." ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ಕೆಂಪಾಗಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸುಮ್ಮನಿದ್ದ. ಮತ್ತೆ ಕೇಳಿದಾಗ ಹೇಳಿದ: "ಆ ಕ್ಯುವೆಟ್ ಒಡದಾಗ ನೀವು ಎಲ್ಲಾರ ಮುಂದ ಬಯ್ದ್ರಲ್ಲ ರೀ."

ನನಗೆ ನೆನಪಾಯಿತು. ಆ ಶನಿವಾರಕ್ಕೆ ಹದಿನೈದು ದಿನ ಮೊದಲು ಇನ್ನೊಬ್ಬಳು ಕ್ವಾರ್ಟ್ಸ್ ಕ್ಯುವೆಟ್ ಬೀಳಿಸಿದ್ದಳು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ವಸ್ತು, ಬೆಲೆ ಸಾವಿರಗಟ್ಟಲೆ. ತುಂಡುಗಳನ್ನು ಕಾಗದದಲ್ಲಿ ಸುತ್ತಿ ಅವಳೇ ತಂದು ಕೊಟ್ಟಳು. ನಾನು ಎಲ್ಲರೆದುರು, ನಿಮ್ಮ ಅಪ್ಪನ ಮನೆಯ ಸ್ವತ್ತಾ ಎಂಬ ಮಟ್ಟಕ್ಕೆ ಕೂಗಾಡಿದ್ದೆ. ತಾನಾಗಿ ಬಂದು ಹೇಳಿದವಳಿಗೆ ಆ ಮರ್ಯಾದೆ ಸಿಕ್ಕಿತು. ನೋಡುತ್ತಿದ್ದವರು ಪಾಠ ಕಲಿತರು. ನಾನು ಕಲಿಸಬೇಕೆಂದುಕೊಂಡ ಪಾಠವಲ್ಲ ಅದು.

ಬಾಗಿಲು ಸರಿಯಾಗಿ ಮುಚ್ಚದಿದ್ದದ್ದು ಅಜಾಗರೂಕತೆ, ಯಾರಿಗಾದರೂ ಆಗುತ್ತದೆ. ಅಲಾರಾಂ ಬಂದ್ ಮಾಡಿದ್ದು ತಿಳಿವಳಿಕೆ ಸಾಲದ್ದು. ಎರಡು ತಿಂಗಳು ಪಕ್ಕದಲ್ಲೇ ಕುಳಿತು ಸುಮ್ಮನಿದ್ದದ್ದು ಮಾತ್ರ ಬೇರೆ ತರದ ತಪ್ಪು, ಅದನ್ನು ಅವನಿಗೆ ಹೇಳಿದೆ ಕೂಡ. ಸೋಮವಾರ ಬೆಳಗ್ಗೆಯೇ ಹೇಳಿದ್ದರೆ ಮಾದರಿಗಳು ಹೇಗೂ ಹೋಗುತ್ತಿದ್ದವು, ಆದರೆ ಅವಳ ಎರಡು ತಿಂಗಳು, ಅವಳಿಗೆ ತನ್ನ ಕೈಯ ಮೇಲಿದ್ದ ನಂಬಿಕೆ ಉಳಿಯುತ್ತಿತ್ತು. ಮುಂದಿನ ಲ್ಯಾಬ್ ಮೀಟಿಂಗಿನಲ್ಲಿ ನಾನು ಎದ್ದು ನಿಂತು, ಕ್ಯುವೆಟ್ ವಿಷಯದಲ್ಲಿ ನಡೆದುಕೊಂಡದ್ದು ಸರಿಯಲ್ಲ ಎಂದೆ. ಮುಜುಗರದ ಐದು ನಿಮಿಷ.

ಮುಂದಿನ ಮಳೆಗಾಲದಲ್ಲಿ ಆ ಹುಡುಗ, ಯಾರೂ ಹೇಳದಿದ್ದರೂ, ಮೂರು ವಾರ ಅವಳ ಜೊತೆ ಘಟ್ಟಕ್ಕೆ ಹೋದ. ಬಯಲುಸೀಮೆಯವನು, ಜಿಗಣೆ ಕಂಡವನೇ ಅಲ್ಲ. ಕಾಲು ತುಂಬ ಕಲೆ ಮಾಡಿಕೊಂಡು ಬಂದ. ಅವಳು ಅವನನ್ನು ಕ್ಷಮಿಸಿದಳೋ ಇಲ್ಲವೋ ನಾನು ಕೇಳಿಲ್ಲ.

ಈಗ ಫ್ರೀಜರ್ ಪಕ್ಕ ದಾರ ಕಟ್ಟಿದ ಪುಸ್ತಕವೊಂದಿದೆ, ಹೆಸರು 'ಆದದ್ದು'. ಏನು ಒಡೆಯಿತು, ಏನು ಚೆಲ್ಲಿತು, ಯಾವ ಅಲಾರಾಂ ಕೂಗಿತು ಎಂದು ಬರೆಯಬೇಕು. ಬರೆದವರಿಗೆ ಯಾರೂ ಬಯ್ಯುವಂತಿಲ್ಲ, ನಾನೂ ಸೇರಿ. ಇದು ಸಲೀಸಾಗಿ ನಡೆಯುತ್ತದೆ ಅನ್ನಲಾರೆ. ಹೋದ ವರ್ಷ ಹೊಸ ಸೆಂಟ್ರಿಫ್ಯೂಜಿನ ರೋಟರ್ ಸೀಳು ಬಿಟ್ಟದ್ದನ್ನು ಓದಿದಾಗ ನಾಲಿಗೆ ಕಚ್ಚಿಕೊಂಡು ಹೊರಗೆ ಹೋಗಿ ಕಾಫಿ ಕುಡಿದು ಬಂದೆ.

4. ಕಾಣದ ಹುಳ

ಜೀವಕೋಶಗಳನ್ನು ಬೆಳೆಸುವ ಕೋಣೆಯಲ್ಲಿ ಮೈಕೋಪ್ಲಾಸ್ಮಾ ಎಂಬ ಪಿಡುಗಿದೆ. ಅದಕ್ಕೆ ಕೋಶಭಿತ್ತಿ ಇಲ್ಲ, ಹಾಗಾಗಿ ಪೆನಿಸಿಲಿನ್ ನಾಟುವುದಿಲ್ಲ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ, ಮಾಧ್ಯಮ ಕದಡುವುದೂ ಇಲ್ಲ. ಒಬ್ಬರ ಫ್ಲಾಸ್ಕಿಗೆ ಬಂದರೆ ಎಲ್ಲರದಕ್ಕೂ ಬರುತ್ತದೆ. ತನ್ನ ಕೋಶಗಳಿಗೆ ತಗುಲಿದೆ ಎಂದು ಗೊತ್ತಾದವರು ಆ ಕ್ಷಣ ಗುಂಪಿನಲ್ಲಿ ಹೇಳಬೇಕು. ಆದರೆ ನಾಚಿಕೆ. ಕೊಳಕು ಕೈ ಅನ್ನುತ್ತಾರೇನೋ ಎಂಬ ಭಯ. ಮನೆಯಲ್ಲಿ ಹೇನು ಇದೆ ಎಂದು ಹೇಳಿಕೊಳ್ಳುವ ಹಾಗೆ.

ಈ ನಾಚಿಕೆ ನಮ್ಮದು ಮಾತ್ರವಲ್ಲ. 1966ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿ, ಬೇರೆ ಬೇರೆ ಎಂದು ನಂಬಿಕೊಂಡು ಬಳಸುತ್ತಿದ್ದ 18 ಕೋಶಸಾಲುಗಳು ನಿಜವಾಗಿ ಹೀಲಾ ಎಂಬ ಒಂದೇ ಸಾಲಿನ ಕೋಶಗಳೇ, ಕಲಬೆರಕೆಯಾಗಿ ಮೂಲ ಕೋಶಗಳನ್ನು ನುಂಗಿಹಾಕಿವೆ ಎಂದು ತೋರಿಸಿಕೊಟ್ಟರು. ಕೇಳಿದವರಿಗೆ ಖುಷಿಯಾಗಲಿಲ್ಲ. ಅದಾದ ಮೇಲೂ ದಶಕಗಳ ಕಾಲ ಅಂಥ ಕೋಶಗಳ ಮೇಲೆ ಪ್ರಬಂಧಗಳು ಬರುತ್ತಲೇ ಇದ್ದವು. ದೊಡ್ಡ ದೊಡ್ಡ ಪ್ರೊಫೆಸರುಗಳೇ ಹಾಗೆ ಮಾಡಿದ ಮೇಲೆ ಮೊದಲ ವರ್ಷದ ಹುಡುಗಿಯ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ? ನಮ್ಮಲ್ಲಿ ತಿಂಗಳಿಗೊಮ್ಮೆ ಎಲ್ಲರ ಫ್ಲಾಸ್ಕುಗಳನ್ನೂ ಪರೀಕ್ಷೆ ಮಾಡುತ್ತೇವೆ. ಯಾರದ್ದೆಂದು ಕೇಳುವುದಕ್ಕೆ ಮೊದಲೇ ಉತ್ತರ ಸಿಕ್ಕಿರುತ್ತದೆ, ನಾಚಿಕೆಗೆ ಜಾಗವಿಲ್ಲ.

5. ಕೈಗವಸು ಯಾರನ್ನು ಕಾಪಾಡುತ್ತದೆ?

ಕೈಗವಸು ಹಾಕಿಕೊಂಡವರು ತಮ್ಮ ಕೈ ಶುದ್ಧ ಎಂದು ತಿಳಿಯುತ್ತಾರೆ. ಉಳಿದವರಿಗೆ ಆ ಕೈಯೇ ಅಪಾಯ. ಎಥಿಡಿಯಂ ಬ್ರೋಮೈಡ್ ಮುಟ್ಟಿದ ಕೈಗವಸಿನಲ್ಲೇ ಬಾಗಿಲ ಹಿಡಿ, ಲಿಫ್ಟ್ ಗುಂಡಿ, ಹಂಚಿಕೊಂಡ ಕಂಪ್ಯೂಟರಿನ ಮೌಸ್, ಕೊನೆಗೆ ಸ್ವಂತ ಮೊಬೈಲು. ಅದೇ ಮೊಬೈಲು ಕ್ಯಾಂಟೀನಿನ ಟೇಬಲ್ ಮೇಲೆ, ದೋಸೆ ತಟ್ಟೆಯ ಪಕ್ಕ. ಕಾರಿಡಾರಿನಲ್ಲಿ ಏನಾದರೂ ಹೊತ್ತು ನಡೆಯುವಾಗ ಒಂದು ಕೈ ಬರಿಗೈ ಇರಲಿ, ಬಾಗಿಲು ತೆಗೆಯುವುದು ಆ ಕೈಯಿಂದ.

ಹೊಸಬರಿಗೆ ನಾನು ಕರೆನ್ ವೆಟ್ಟರ್‌ಹಾನ್ ಅವರ ವಿಷಯ ಹೇಳುತ್ತೇನೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕಿ, ವಿಷಕಾರಿ ಲೋಹಗಳ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದವರು. 1996ರ ಆಗಸ್ಟ್ 14ರಂದು ಡೈಮೀಥೈಲ್ ಮರ್ಕ್ಯುರಿಯ ಒಂದೆರಡು ಹನಿ ಅವರ ಲೇಟೆಕ್ಸ್ ಕೈಗವಸಿನ ಮೇಲೆ ಬಿತ್ತು. ಹೊಗೆಗೂಡಿನೊಳಗೇ ಕೆಲಸ ಮಾಡುತ್ತಿದ್ದರು, ಅಂದಿನ ನಿಯಮದ ಪ್ರಕಾರ ಎಲ್ಲ ಸರಿಯಾಗಿತ್ತು. ತಿಂಗಳುಗಳಾದ ಮೇಲೆ ನಡಿಗೆ, ಮಾತು ತಪ್ಪತೊಡಗಿತು. 1997ರ ಜೂನ್ 8ರಂದು 48ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸಹೋದ್ಯೋಗಿಗಳು ಕೈಗವಸುಗಳನ್ನು ಪರೀಕ್ಷೆ ಮಾಡಿಸಿ, ಈ ವಸ್ತು ಲೇಟೆಕ್ಸನ್ನು ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆ ಎಂದು ಕಂಡುಕೊಂಡು ಉಳಿದ ರಸಾಯನಶಾಸ್ತ್ರಜ್ಞರಿಗೆಲ್ಲ ಎಚ್ಚರಿಕೆ ಕೊಟ್ಟರು. ಸಂಸ್ಥೆಯ ಹೆಸರು ಕೆಡುತ್ತದೆ ಎಂದು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ.

6. ಶವರ್ ಕೆಳಗಿನ ರಟ್ಟಿನ ಪೆಟ್ಟಿಗೆಗಳು

2008ರ ಡಿಸೆಂಬರ್ 29ರಂದು, ಕ್ರಿಸ್ಮಸ್ ರಜೆಯಲ್ಲಿ, ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಶೇರಿ ಸಂಗ್ಜಿ ಎಂಬ 23 ವರ್ಷದ ಸಂಶೋಧನಾ ಸಹಾಯಕಿ ಟರ್ಟ್ ಬ್ಯುಟೈಲ್ ಲಿಥಿಯಂ ಸಿರಿಂಜಿಗೆ ಎಳೆದುಕೊಳ್ಳುತ್ತಿದ್ದರು. ಗಾಳಿ ತಾಗಿದರೆ ಹೊತ್ತಿಕೊಳ್ಳುವ ವಸ್ತು. ಸಿರಿಂಜಿನ ಪಿಸ್ಟನ್ ಕಿತ್ತು ಬಂತು. ಲ್ಯಾಬ್ ಕೋಟ್ ಹಾಕಿರಲಿಲ್ಲ, ಮೈಮೇಲಿದ್ದದ್ದು ಸಿಂಥೆಟಿಕ್ ಸ್ವೆಟರ್. ಅಲ್ಲೇ ಸುರಕ್ಷತಾ ಶವರ್ ಇತ್ತು, ಬಳಸಲಿಲ್ಲ. 18 ದಿನಗಳ ನಂತರ ತೀರಿಕೊಂಡರು. ಆ ಪ್ರಯೋಗಾಲಯದ ಪ್ರಾಧ್ಯಾಪಕರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು, 2014ರಲ್ಲಿ ಅದು ರಾಜಿಯಲ್ಲಿ ಮುಗಿಯಿತು.

ಇದನ್ನು ಓದಿದ ದಿನ ನಮ್ಮ ಶವರ್ ನೋಡಲು ಹೋದೆ. ಅದರ ಕೆಳಗೆ ಪಿಪೆಟ್ ಟಿಪ್ಪುಗಳ ರಟ್ಟಿನ ಪೆಟ್ಟಿಗೆ ಎದೆಮಟ್ಟ ಪೇರಿಸಿತ್ತು. ಪೇರಿಸಿದವಳು ನಾನೇ.

ಬೆಂಗಳೂರಿನಲ್ಲೂ 2018ರ ಡಿಸೆಂಬರ್ 5ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ಸ್ಫೋಟವಾಗಿ ಯುವ ಸಂಶೋಧಕರೊಬ್ಬರು ಸತ್ತು, ಮೂವರಿಗೆ ಗಾಯವಾಯಿತು. ಆ ವಾರ ನಾವೂ ಪ್ರತಿ ಗ್ಯಾಸ್ ಸಿಲಿಂಡರಿಗೂ ಸರಪಳಿ ಬಿಗಿಸಿದೆವು. ಒಂದು ವರ್ಷ ಕಳೆಯುವಷ್ಟರಲ್ಲಿ ಅರ್ಧ ಸರಪಳಿಗಳು ಕೊಕ್ಕೆಯಿಂದ ಜೋತುಬಿದ್ದಿದ್ದವು. ಭಯಕ್ಕೆ ಆಯುಷ್ಯ ಕಡಿಮೆ. ಅದಕ್ಕೇ ಸರಪಳಿ ನೋಡುವುದೂ ಈಗ ಪಾಳಿಯ ಪಟ್ಟಿಯಲ್ಲಿದೆ.

ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಒಂದು ಲೀಟರ್ ಚೆಲ್ಲಿದರೆ ಸುಮಾರು 700 ಲೀಟರ್ ಅನಿಲವಾಗಿ ಉಬ್ಬುತ್ತದೆ, ಉಸಿರಾಡುವ ಗಾಳಿಯನ್ನು ಹೊರದೂಡುತ್ತದೆ. ಅದರ ಪಾತ್ರೆಯನ್ನು ಲಿಫ್ಟಿನಲ್ಲಿ ಒಂಟಿಯಾಗಿ ಕಳಿಸಿ, ನೀವು ಮೆಟ್ಟಿಲು ಹತ್ತಿ. ಮೇಲೆ ಇನ್ನೊಬ್ಬರು ಕಾಯುತ್ತಿರಲಿ. ಮಧ್ಯದ ಮಹಡಿಯಲ್ಲಿ ಯಾರೂ ಹತ್ತದಂತೆ ಲಿಫ್ಟಿನಲ್ಲಿ ಫಲಕ ತೂಗುಹಾಕಿ. ಇದನ್ನು ಹೇಳಿದಾಗ ನಗುವವರಿದ್ದಾರೆ. ನಗಲಿ, ಮೆಟ್ಟಿಲು ಹತ್ತಿ ನಗಲಿ.

7. ಅಮ್ಮನ ಬೆರಳು

ನಮ್ಮ ಪ್ರಯೋಗಾಲಯದ ಗಾಜು ತೊಳೆಯುವ, ಕಸ ತೆಗೆಯುವ ಹೆಂಗಸನ್ನು ಎಲ್ಲರೂ ಅಮ್ಮ ಅನ್ನುತ್ತಾರೆ. ಹೊರಗುತ್ತಿಗೆಯ ನೌಕರಿ. ಬೆಳಗ್ಗೆ ಐದೂವರೆಯ ಬಸ್ಸು ಹಿಡಿದು ಬರುತ್ತಾರೆ. ಆಟೋಕ್ಲೇವ್ ಅವರಷ್ಟು ಚೆನ್ನಾಗಿ ತಿಳಿದವರು ಈ ಕಟ್ಟಡದಲ್ಲಿಲ್ಲ. 121 ಡಿಗ್ರಿ, 15 ಪೌಂಡ್ ಒತ್ತಡ ಎಂಬ ಅಂಕಿ ಅವರಿಗೆ ಬೇಡ, ಹಬೆಯ ಸದ್ದಿನಲ್ಲೇ ವಾಲ್ವ್ ಸೋರುತ್ತಿದೆ ಅನ್ನುತ್ತಾರೆ.

ಒಂದು ದಿನ ಕಸದ ಚೀಲ ಕಟ್ಟುವಾಗ ಅವರ ಬೆರಳಿಗೆ ಸೂಜಿ ಚುಚ್ಚಿತು. ಸಾಮಾನ್ಯ ಕಸದ ಬುಟ್ಟಿಯಲ್ಲಿ, ಕಾಗದದ ಕೆಳಗೆ, ಮುಚ್ಚಳವಿಲ್ಲದ ಸಿರಿಂಜು. ಅದರಲ್ಲಿ ಏನಿತ್ತು ಎಂದು ಯಾರೂ ಹೇಳಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ ಅದು: ಸೂಜಿಯಲ್ಲಿ ಏನಿತ್ತು? ಗೊತ್ತಿಲ್ಲ ಎಂದೆ. ಆದ್ದರಿಂದ ಎಲ್ಲ ಪರೀಕ್ಷೆಗಳೂ, ಮತ್ತೆ ಆರು ವಾರಕ್ಕೆ, ಮತ್ತೆ ಮೂರು ತಿಂಗಳಿಗೆ. ವರದಿ ಬರುವವರೆಗೆ ಅಮ್ಮ ಮನೆಯಲ್ಲಿ ಮೊಮ್ಮಗುವನ್ನು ಎತ್ತಿಕೊಳ್ಳಲಿಲ್ಲ. ಹಾಗೆ ಹರಡುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಏನೂ ಇರಲಿಲ್ಲ. ಸೂಜಿ ಹಾಕಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಹೇಳಿದವರಿಗೆ ಬಯ್ಯುವುದಿಲ್ಲ ಎಂಬ ನನ್ನ ನಿಯಮವೂ ಅಲ್ಲಿ ಸೋತಿತು.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಸಂಶೋಧನಾ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಸೂಜಿ, ಬ್ಲೇಡುಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಸೋಂಕಿನ ಪ್ಲಾಸ್ಟಿಕ್ ಕೆಂಪು ಚೀಲಕ್ಕೆ, ಗಾಜು ನೀಲಿಗೆ. ಈ ಬಣ್ಣಗಳು ಪ್ರವೇಶ ಪರೀಕ್ಷೆಗೆ ಬರುತ್ತವೆಂದರೆ ಎಲ್ಲರೂ ಕಂಠಪಾಠ ಮಾಡುತ್ತಾರೆ, ಬುಟ್ಟಿಯ ಮುಂದೆ ನಿಂತಾಗ ಮರೆಯುತ್ತಾರೆ. ಈಗ ಹೊಸ ವಿದ್ಯಾರ್ಥಿ ಬಂದರೆ ಮೊದಲ ವಾರ ಅವನಿಗೆ ಪಾಠ ಹೇಳುವವರು ಅಮ್ಮ. ಎರಡು ದಿನ ಅವರ ಜೊತೆ ನಿಂತು ಕಸ ಬೇರ್ಪಡಿಸಬೇಕು, ಗಾಜು ತೊಳೆಯಬೇಕು. ಕರಗಿದ ಅಗಾರ್ ಸಿಂಕಿಗೆ ಸುರಿದರೆ ಕೊಳವೆಯಲ್ಲಿ ಹೇಗೆ ಹೆಪ್ಪುಗಟ್ಟುತ್ತದೆ ಎಂದು ತಂತಿ ಹಾಕಿ ಎಳೆದು ತೋರಿಸುತ್ತಾರೆ. ಈ ಎರಡು ದಿನ ನನ್ನ ಯಾವ ಸುರಕ್ಷತಾ ಭಾಷಣಕ್ಕಿಂತಲೂ ಹೆಚ್ಚು ಕೆಲಸ ಮಾಡಿದೆ.

8. ಬುಕಿಂಗ್

ಕಾನ್‌ಫೋಕಲ್ ಮೈಕ್ರೋಸ್ಕೋಪನ್ನು ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಬುಕ್ ಮಾಡಿ ಮಧ್ಯಾಹ್ನ ಎರಡಕ್ಕೆ ಬರುವವರಿಗೆ ಹೇಳಲು ನನ್ನ ಬಳಿ ಒಳ್ಳೆಯ ಮಾತಿಲ್ಲ.

9. ಅಂಚಿನಲ್ಲಿ ಬರೆದ ಕನ್ನಡ

ಲ್ಯಾಬ್ ನೋಟ್‌ಬುಕ್ ವಿದ್ಯಾರ್ಥಿಯದ್ದಲ್ಲ, ಪ್ರಯೋಗಾಲಯದ್ದು. ಪುಟ ಹರಿಯಬಾರದು, ತಪ್ಪಾದರೆ ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದುವಂತಿರಬೇಕು. ಇದೆಲ್ಲ ಎಲ್ಲರಿಗೂ ಹೇಳಿಕೊಡುತ್ತಾರೆ. ಹೇಳಿಕೊಡದ ಒಂದು ವಿಷಯವೆಂದರೆ, ಆಗದೆ ಹೋದ ಪ್ರಯೋಗವನ್ನು ಆದದ್ದರಷ್ಟೇ ಜತನದಿಂದ ಬರೆಯುವುದು. ಆದದ್ದು ಹೇಗೂ ಪತ್ರಿಕೆಯಲ್ಲಿ ಬರುತ್ತದೆ. ಆಗದ್ದು ಬರೆದವರ ಜೊತೆಗೇ ಹೊರಟುಹೋಗುತ್ತದೆ, ಮುಂದೆ ಬಂದವರು ಅದೇ ಗುಂಡಿಗೆ ಬೀಳುತ್ತಾರೆ.

ಕಲಬುರಗಿ ಕಡೆಯ ಒಬ್ಬಳು ನೋಟ್‌ಬುಕ್ ಪೂರ್ತಿ ಇಂಗ್ಲಿಷಿನಲ್ಲೇ ಬರೆಯುತ್ತಿದ್ದಳು. ಅಂಚಿನಲ್ಲಿ ಮಾತ್ರ ತನ್ನಷ್ಟಕ್ಕೆ ಪೆನ್ಸಿಲಿನಲ್ಲಿ ಕನ್ನಡ. ಅವಳು ಹೋಗಿ ಮೂರು ವರ್ಷದ ಮೇಲೆ ಇನ್ನೊಬ್ಬ ಅದೇ ಪ್ರೋಟೀನನ್ನು ಶುದ್ಧಿಮಾಡಲು ಹೊರಟ. ಹಳೆಯ ನೋಟ್‌ಬುಕ್ ತೆಗೆದರೆ ಒಂದು ಪುಟದ ಅಂಚಿನಲ್ಲಿ: 'ಈ ಕಾಲಮ್ಮಿಗೆ ಇದು ಅಂಟೂದಿಲ್ಲ. ನಾಲ್ಕು ಸಲ ನೋಡೀನಿ. ಉಪ್ಪು ಕಡಿಮಿ ಮಾಡಿದ್ರೂ ಇಲ್ಲ. ಮುಂದಿನವರು ಸುಮ್ನ ಟೈಮ್ ಹಾಳ್ ಮಾಡ್ಕೋಬ್ಯಾಡ್ರಿ.' ಕೇರಳದ ಹುಡುಗ ಅವನು, ಅದನ್ನು ನನ್ನ ಬಳಿ ಓದಿಸಿಕೊಂಡ. ಬೇರೆ ಕಾಲಮ್ ಹಾಕಿದ. ಮುಂದಿನವರು ಎಂದು ಅವಳು ಯಾರನ್ನು ನೆನೆದು ಬರೆದಳೋ ತಿಳಿಯದು. ನಮ್ಮಲ್ಲಿ ಕೆಲಸ ಮಾಡಿದ ಎಲ್ಲರಲ್ಲಿ ಒಳ್ಳೆಯ ಪ್ರಜೆ ಯಾರೆಂದು ಕೇಳಿದರೆ ಅವಳ ಹೆಸರು ಹೇಳುತ್ತೇನೆ.

10. ಫೆಲೋಶಿಪ್ ಬಾರದ ತಿಂಗಳಲ್ಲಿ

ಇಷ್ಟೆಲ್ಲ ವಿದ್ಯಾರ್ಥಿಗಳಿಗೆ ಹೇಳಿದ ಮೇಲೆ ಇನ್ನೊಂದು ಕಡೆಯ ಮಾತೂ ಹೇಳಬೇಕು. ಜೂನಿಯರ್ ರಿಸರ್ಚ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಕಾಗದದ ಮೇಲೆ ಪ್ರತಿ ತಿಂಗಳು. ಕೈಗೆ ಬರುವುದು ಕೆಲವು ಸಲ ತಿಂಗಳುಗಟ್ಟಲೆ ತಡವಾಗಿ, ಒಟ್ಟಿಗೆ. ಪಿಜಿ ಬಾಡಿಗೆ ಕಟ್ಟಲು ಊರಿನಿಂದ ಅಪ್ಪನ ಹತ್ತಿರ ದುಡ್ಡು ತರಿಸಿಕೊಂಡ 27 ವರ್ಷದ ಮಗನ ಮುಂದೆ ನಿಂತು, ಬೆಂಚು ಯಾಕೆ ಒರೆಸಿಲ್ಲ ಎಂದು ಕೇಳುವ ಮೊದಲು ನಾವು ಅವನ ಬಿಲ್ ಎಲ್ಲಿ ಸಿಕ್ಕಿಕೊಂಡಿದೆ ಎಂದು ಅಕೌಂಟ್ಸ್ ವಿಭಾಗಕ್ಕೆ ಹೋಗಿ ಕೇಳಿ ಬರಬೇಕು. ನಾನು ಹೋಗುತ್ತೇನೆ. ಎಷ್ಟೋ ಸಲ ಫೈಲು ಯಾರದೋ ಮೇಜಿನ ಮೇಲೆ ಒಂದು ಸಹಿಗಾಗಿ ಕಾಯುತ್ತಿರುತ್ತದೆ. ಅಲ್ಲೂ ಎರಡು ತೊಟ್ಟು ಉಳಿಸಿ ಬಾಟಲಿ ಇಟ್ಟುಹೋದವರಿದ್ದಾರೆ.

11. ಹೋಗುವಾಗ

ಪಿಎಚ್.ಡಿ. ಮುಗಿಸಿ ಹೊರಡುವವರು ನೋ ಡ್ಯೂಸ್ ಹಾಳೆ ಹಿಡಿದು ಕಟ್ಟಡ ಕಟ್ಟಡ ಅಲೆಯುತ್ತಾರೆ. ಗ್ರಂಥಾಲಯ, ಹಾಸ್ಟೆಲ್, ಸ್ಟೋರ್ಸ್, ಅಕೌಂಟ್ಸ್. ಅದರಲ್ಲಿ ನನ್ನದೂ ಒಂದು ಸಹಿ. ನಾನು ಕೇಳುವುದು ಮೂರು: ಫ್ರೀಜರಿನಲ್ಲಿರುವ ನಿಮ್ಮ ಡಬ್ಬಿಗಳ ಪಟ್ಟಿ, ನಿಮ್ಮ ನೋಟ್‌ಬುಕ್ಕುಗಳು, ನಿಮ್ಮ ಕಪಾಟಿನಲ್ಲಿ ಉಳಿದ ರಾಸಾಯನಿಕಗಳನ್ನು ಇನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಒಂದು ಹೆಸರು. ಬೇಡದ ಡಬ್ಬಿಗಳನ್ನು ನನ್ನೆದುರೇ ತೆಗೆದು ಎಸೆಯಬೇಕು. ಇದಕ್ಕೆ ಒಂದು ಪೂರ್ತಿ ದಿನ ಹಿಡಿಯುತ್ತದೆ. ಹೆಚ್ಚಿನವರು ಕೊನೆಯ ದಿನ ಮಧ್ಯಾಹ್ನ ಬರುತ್ತಾರೆ. ದೇವನಹಳ್ಳಿಗೆ ಹೋಗುವ ಟ್ಯಾಕ್ಸಿ ಕೆಳಗೆ ನಿಂತಿರುತ್ತದೆ, ಅಪ್ಪ ಅಮ್ಮ ಸೂಟ್‌ಕೇಸ್ ಹಿಡಿದು ಕಾಯುತ್ತಿರುತ್ತಾರೆ. "ಮೇಡಂ, ಮೇಲ್‌ನಲ್ಲಿ ಕಳಿಸ್ತೀನಿ, ಪ್ಲೀಸ್, ಸಹಿ ಹಾಕಿಬಿಡಿ" ಅನ್ನುತ್ತಾರೆ.

ಅಪ್ಪ ಅಮ್ಮನಿಗೆ ಕುರ್ಚಿ ಹಾಕಿ ಕಾಫಿ ತರಿಸುತ್ತೇನೆ. ಪಟ್ಟಿ ಬರುವವರೆಗೆ ಸಹಿ ಹಾಕುವುದಿಲ್ಲ.